ವಿದ್ಯಾರ್ಥಿಗೆ ರಾಜಕೀಯ ಯಾಕೆ ಬೇಕು? - ಘಟಪ್ರಭೆಯ ದಂಡೆಯಲ್ಲಿ ಎದ್ದ ಒಂದು ಪ್ರಶ್ನೆ



ಗೋಕಾಕದ ಕಡೆಯ ಒಂದು ಕಾಲೇಜಿನಲ್ಲಿ ಸಂವಾದ ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ದೀಪ, ಮೈಕುಗಳನ್ನು ಹೊಂದಿಸುತ್ತಿದ್ದೆವು. ಅಂದಿನ ವಿಷಯ ಯುವಜನ ಮತ್ತು ರಾಜಕೀಯ ಎಂದು ತಿಳಿದ ಕೂಡಲೇ ಮುಂದಿನ ಸಾಲಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. "ಸರ್, ರಾಜಕೀಯ ನಮಗ್ಯಾಕ್ರಿ? ನಮ್ಮಪ್ಪ ಓದಾಕ ಕಳಿಸ್ಯಾನ್ರಿ, ಜಿಂದಾಬಾದ್ ಅನ್ನಾಕಲ್ಲ" ಎಂದಳು. ಸಭಾಂಗಣವೆಲ್ಲ ನಕ್ಕಿತು.

ನಗು ನಿಂತ ಮೇಲೆ ನಾನು ಕೇಳಿದೆ: "ಇವತ್ತು ಕಾಲೇಜಿಗೆ ಹೇಗೆ ಬಂದೆಯಮ್ಮ?" ಬೆಳಗಿನ ಬಸ್ಸು ತುಂಬಿ ಬಂದು ಅವಳ ಊರಿನಲ್ಲಿ ನಿಲ್ಲಲೇ ಇಲ್ಲವಂತೆ. ಕೈಯಲ್ಲಿ ಪಾಸ್ ಇದ್ದರೂ ದುಡ್ಡು ಕೊಟ್ಟು ಟಂಟಂನಲ್ಲಿ ಬಂದಿದ್ದಳು. ಮೊದಲ ಪಿರಿಯಡ್ ತಪ್ಪಿತ್ತು. "ಆ ಬಸ್ಸು ಎಷ್ಟು ಹೊತ್ತಿಗೆ ಬರಬೇಕು, ಎರಡನೆಯ ಬಸ್ಸು ಬೇಕೋ ಬೇಡವೋ ಎಂದು ಗೊತ್ತು ಮಾಡುವವರು ಯಾರು?" ಎಂದು ಕೇಳಿದೆ. ಸಭಾಂಗಣ ಸುಮ್ಮನಾಯಿತು. ಚರ್ಚೆ ನಿಜವಾಗಿ ಶುರುವಾದದ್ದು ಅಲ್ಲಿಂದ. ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಹೇಳಲಾಗದೆ ಉಳಿದ ಮಾತುಗಳನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ರಾಜಕೀಯವೆಂದರೆ ಪಕ್ಷವೊಂದೇ ಅಲ್ಲ

ರಾಜಕೀಯವೆಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಬಾವುಟ, ಹಾರ, ಧ್ವನಿವರ್ಧಕ. ಇವು ರಾಜಕೀಯದ ಹೊರಗಿನ ಅಂಗಿ ಮಾತ್ರ. ಹತ್ತು ಜನರಿಗೆ ಸೇರಿದ ವಸ್ತುವಿನ ಬಗ್ಗೆ ಯಾರು, ಹೇಗೆ ತೀರ್ಮಾನ ಮಾಡಬೇಕು ಎಂಬ ಪ್ರಶ್ನೆ ಇದ್ದಲ್ಲೆಲ್ಲ ರಾಜಕೀಯ ಇದೆ. ಕಾಲುವೆಯ ನೀರು ಯಾರ ಹೊಲಕ್ಕೆ ಮೊದಲು ಹರಿಯಬೇಕು? ಹಾಸ್ಟೆಲಿನಲ್ಲಿ ಹಾಸಿಗೆ ಎಷ್ಟು ಇರಬೇಕು? ಗ್ರಂಥಾಲಯ ಸಂಜೆ ಎಷ್ಟು ಗಂಟೆಯವರೆಗೆ ತೆರೆದಿರಬೇಕು? ಈ ಪ್ರಶ್ನೆಗಳಿಗೆ ನೀವು ಉತ್ತರ ಕೊಡದಿದ್ದರೆ ಉತ್ತರ ಸಿಗದೆ ಉಳಿಯುವುದಿಲ್ಲ, ಬೇರೆಯವರು ಕೊಡುತ್ತಾರೆ. ಅಷ್ಟೇ.

ಇದಕ್ಕೆ ಹುಕ್ಕೇರಿಯಲ್ಲೇ ಒಂದು ಒಳ್ಳೆಯ ಉದಾಹರಣೆ ಉಂಟು. ನಮ್ಮ ರಾಜ್ಯದ ಬೇರೆ ಕಡೆಗಳಲ್ಲಿ ಮನೆಗೆ ವಿದ್ಯುತ್ ಕೊಡುವುದು ಸರ್ಕಾರಿ ಕಂಪನಿಗಳು. ಹುಕ್ಕೇರಿ ಭಾಗದಲ್ಲಿ ಆ ಕೆಲಸ ಮಾಡುವುದು ಒಂದು ಸಹಕಾರ ಸಂಘ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಆಗ ದೇಶದಲ್ಲಿ ಪ್ರಯೋಗಕ್ಕೆಂದು ಆರಂಭಿಸಿದ ಐದು ಸಂಘಗಳಲ್ಲಿ ಒಂದು. ಉಳಿದ ನಾಲ್ಕು ಸಂಘಗಳಿದ್ದದ್ದು ಆಂಧ್ರಪ್ರದೇಶ, ಮಹಾರಾಷ್ಟ್ರ, ಗುಜರಾತ್ ಮತ್ತು ಉತ್ತರ ಪ್ರದೇಶಗಳಲ್ಲಿ. ಸಂಘದ ಸದಸ್ಯರು ಮತ ಹಾಕಿ ಆಡಳಿತ ಮಂಡಳಿಯನ್ನು ಆರಿಸುತ್ತಾರೆ. ಅಂದರೆ ರಾತ್ರಿ ನೀವು ಓದುವ ದೀಪದ ಹಿಂದೆಯೂ ಒಂದು ಮತಪೆಟ್ಟಿಗೆ ಇದೆ. ಸಂಘದ ಲೆಕ್ಕಪತ್ರವನ್ನು ಓದಿ ಅರ್ಥ ಮಾಡಿಕೊಂಡು ವಾರ್ಷಿಕ ಸಭೆಯಲ್ಲಿ ಒಂದು ಪ್ರಶ್ನೆ ಕೇಳುವ ಸದಸ್ಯ ಕೂಡ ರಾಜಕೀಯವನ್ನೇ ಮಾಡುತ್ತಿದ್ದಾನೆ. ಅಂಥ ಪ್ರಶ್ನೆ ಕೇಳಲು ಕಲಿಯುವ ವಯಸ್ಸು ಯಾವುದು? ನಿಮ್ಮದೇ.

ಓದು, ಹೋರಾಟ, ಆಸ್ಪತ್ರೆ

ರಾಜಕೀಯಕ್ಕೆ ಇಳಿದರೆ ಓದು ಕೆಡುತ್ತದೆ, ಸೇವೆಗೆ ಇಳಿದರೆ ರಾಜಕೀಯ ಬಿಡಬೇಕಾಗುತ್ತದೆ ಎಂಬ ಮಾತನ್ನು ಹಿರಿಯರಿಂದ ನೀವು ಕೇಳಿರಬಹುದು. ಗೋಕಾಕದ ಸಮೀಪದ ಘಟಪ್ರಭಾದಲ್ಲಿ ರೈಲು ಇಳಿದರೆ ಈ ಮಾತಿಗೆ ಒಂದು ಉತ್ತರ ಸಿಗುತ್ತದೆ. ಅಲ್ಲಿರುವ ಕರ್ನಾಟಕ ಆರೋಗ್ಯ ಧಾಮವನ್ನು 1929ರಲ್ಲಿ ಕಟ್ಟಿದವರು ಮೂವರು ವೈದ್ಯರು: ಡಾ. ಜಿ.ಆರ್. ಕೊಕಟನೂರ, ಡಾ. ಎಂ.ಕೆ. ವೈದ್ಯ ಮತ್ತು ಡಾ. ನಾ.ಸು. ಹರ್ಡೀಕರ.

ಹರ್ಡೀಕರ ಅವರು 1889ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಕಲಕತ್ತೆಯಲ್ಲಿ ವೈದ್ಯಶಾಸ್ತ್ರ ಓದಿ, ಹೆಚ್ಚಿನ ಓದಿಗಾಗಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಆರಿಸಿಕೊಂಡದ್ದು ಸಾರ್ವಜನಿಕ ಆರೋಗ್ಯದ ವಿಷಯ. ಅದೇ ಕಾಲಕ್ಕೆ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳನ್ನು ಸಂಘಟಿಸಿದರು. ಲಾಲಾ ಲಜಪತರಾಯರು ಅಲ್ಲಿ ನಡೆಸುತ್ತಿದ್ದ ಹೋಂ ರೂಲ್ ಲೀಗಿನ ಕೆಲಸಕ್ಕೂ ಹೆಗಲು ಕೊಟ್ಟರು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದು ಕೈಯಲ್ಲಿ ದೇಶದ ಕೆಲಸ. ಎರಡೂ ಕೆಡಲಿಲ್ಲ.

1921ರಲ್ಲಿ ಮರಳಿ ಬಂದ ಅವರು ಹುಬ್ಬಳ್ಳಿಯಲ್ಲಿ ತರುಣರನ್ನು ಕಲೆಹಾಕಿ ಸೇವಾ ಮಂಡಲ ಕಟ್ಟಿದರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರಲ್ಲಿ ಹಲವರು ಕಷ್ಟ ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹುಬ್ಬಳ್ಳಿಯ ತಂಡ ಬರೆದುಕೊಡಲಿಲ್ಲ. ಕಾರಣ ಅವರಿಗೆ ಸಿಕ್ಕಿದ್ದ ಶಿಸ್ತಿನ ತರಬೇತಿ. ಆ ಅನುಭವದ ಬೆನ್ನಿಗೇ ಅದೇ ವರ್ಷ ಕಾಕಿನಾಡ ಕಾಂಗ್ರೆಸ್ಸಿನ ಹೊತ್ತಿಗೆ ಹಿಂದುಸ್ಥಾನಿ ಸೇವಾ ದಳ ರೂಪುಗೊಂಡಿತು. ಮರುವರ್ಷ, 1924ರ ಡಿಸೆಂಬರಿನಲ್ಲಿ, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದಲ್ಲಿ ಹರ್ಡೀಕರರ ಸ್ವಯಂಸೇವಕರು ದುಡಿದರು.

ಆಮೇಲೆ ಬಂದದ್ದು ಘಟಪ್ರಭೆಯ ಆಸ್ಪತ್ರೆ. ಸ್ವಾತಂತ್ರ್ಯ ಬಂದ ಮೇಲೆ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ಈ ಬದುಕಿನಲ್ಲಿ ಓದು ಎಲ್ಲಿ ಮುಗಿಯಿತು, ರಾಜಕೀಯ ಎಲ್ಲಿ ಶುರುವಾಯಿತು, ಸೇವೆ ಯಾವಾಗ ಬಂತು ಎಂದು ಗೆರೆ ಎಳೆಯಲು ಪ್ರಯತ್ನಿಸಿ ನೋಡಿ. ಆಗುವುದಿಲ್ಲ.

ಎಲ್ಲರೂ ಅದೇ ದಾರಿ ಹಿಡಿಯಬೇಕಾಗಿಲ್ಲ. ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆಯವರು ಕೇಂಬ್ರಿಜ್‌ನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದವರು. ಬೀದಿಗಿಳಿಯಲಿಲ್ಲ, ಶಿಕ್ಷಣ ಇಲಾಖೆಗೆ ಇಳಿದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿ ಧಾರವಾಡದ ಆ ಆವರಣವನ್ನು ಬೆಳೆಸಿದರು. ಅನಂತರ ಪಂಜಾಬಿನ ರಾಜ್ಯಪಾಲರಾದರು. 2010ರಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾಗುವವರೆಗೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಪದವಿ ವಿದ್ಯಾರ್ಥಿಗಳ ವಿಶ್ವವಿದ್ಯಾಲಯ ಧಾರವಾಡದ್ದೇ ಆಗಿತ್ತು. ನಿಮ್ಮ ಅಣ್ಣ, ಅಕ್ಕ, ಮಾವಂದಿರ ಪ್ರಮಾಣಪತ್ರ ತೆಗೆದು ನೋಡಿ. ಸಂಸ್ಥೆ ಕಟ್ಟುವುದೂ ಸಾರ್ವಜನಿಕ ಕೆಲಸವೇ.

ಗೋಕಾಕ ಚಳವಳಿ ಗೋಕಾಕದ್ದಲ್ಲ

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಗೋಕಾಕ ಚಳವಳಿ ಎಂದರೆ ನಿಮ್ಮ ಊರಿನ ಜಗಳವೆಂದು ದಕ್ಷಿಣದ ಕಡೆಯ ಹಲವು ವಿದ್ಯಾರ್ಥಿಗಳು ತಿಳಿದಿದ್ದಾರೆ. ಆ ಹೆಸರು ಬಂದದ್ದು ಸವಣೂರಿನಲ್ಲಿ ಹುಟ್ಟಿದ ಕವಿ, ಪ್ರಾಧ್ಯಾಪಕ ವಿನಾಯಕ ಕೃಷ್ಣ ಗೋಕಾಕರಿಂದ. ಶಾಲೆಗಳಲ್ಲಿ ಭಾಷೆಗಳ ಸ್ಥಾನ ಏನಿರಬೇಕೆಂದು ಹೇಳಲು 1980ರಲ್ಲಿ ಸರ್ಕಾರ ನೇಮಿಸಿದ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. 1981ರ ಜನವರಿಯಲ್ಲಿ ವರದಿ ಬಂತು. ಪ್ರೌಢಶಾಲೆಯಲ್ಲಿ ಕನ್ನಡವೇ ಏಕೈಕ ಪ್ರಥಮ ಭಾಷೆಯಾಗಬೇಕೆಂಬುದು ಅದರ ಮುಖ್ಯ ಮಾತು. ವರದಿ ಜಾರಿಯಾಗಲಿಲ್ಲವೆಂದು ಸಾಹಿತಿಗಳು, ಅಧ್ಯಾಪಕರು ದನಿ ಎತ್ತಿದರು. 1982ರಲ್ಲಿ ಡಾ. ರಾಜಕುಮಾರ್ ಅವರೂ ಬಂದ ಮೇಲೆ ಅದು ಇಡೀ ನಾಡಿನ ಚಳವಳಿಯಾಯಿತು. ಬೀದಿಗೆ ಬಂದ ಜನರಲ್ಲಿ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದಾಗಿತ್ತು. ಪಠ್ಯಪುಸ್ತಕದ ಪ್ರಶ್ನೆಯೇ ನಾಡಿನ ಪ್ರಶ್ನೆಯಾದ ಸಂದರ್ಭ ಅದು.

ಇಂಥ ಘಟನೆಗಳು ಬೇರೆಡೆಯೂ ನಡೆದಿವೆ. 1952ರ ಫೆಬ್ರವರಿ 21ರಂದು ಢಾಕಾದಲ್ಲಿ ಬಂಗಾಳಿ ಭಾಷೆಯ ಸ್ಥಾನಕ್ಕಾಗಿ ಮೆರವಣಿಗೆ ಹೊರಟ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿತು. ಇವತ್ತು ಜಗತ್ತು ತಾಯ್ನುಡಿ ದಿನ ಆಚರಿಸುವುದು ಅದೇ ತಾರೀಖಿನಂದು. 1973ರ ಡಿಸೆಂಬರಿನಲ್ಲಿ ಅಹಮದಾಬಾದಿನ ಎಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನಲ್ಲಿ ಊಟದ ಬಿಲ್ಲು ಏರಿತು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಬೆಲೆ ಏರಿಕೆಯಿಂದ ಬೇಸತ್ತಿದ್ದ ಜನ ಅವರ ಜೊತೆಗೂಡಿದರು. ಎರಡು ತಿಂಗಳೊಳಗೆ ಗುಜರಾತಿನ ಮುಖ್ಯಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಆದರೆ ಆ ಗಲಭೆಗಳಲ್ಲಿ ಹಲವರ ಪ್ರಾಣವೂ ಹೋಯಿತು. ಶಕ್ತಿಯ ಜೊತೆಗೆ ಅಪಾಯವೂ ಬರುತ್ತದೆ ಎಂಬುದನ್ನು ಮರೆಯಬಾರದು.

ಗೋಕಾಕ ಫಾಲ್ಸ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸುಮಾರು 52 ಮೀಟರ್ ಎತ್ತರದಿಂದ ಘಟಪ್ರಭೆ ಬೀಳುತ್ತದೆ. ಸುಮ್ಮನೆ ಬಿದ್ದರೆ ಬಂಡೆಯನ್ನು ಸವೆಸುತ್ತದೆ. ಅದೇ ನೀರನ್ನು ಕೊಳವೆಯಲ್ಲಿ ಇಳಿಸಿ ಗಿರಣಿಯ ಕೆಲಸಕ್ಕೆ ಹಚ್ಚಿದ್ದು 1887ರಷ್ಟು ಹಿಂದೆ. ನೀರು ಅದೇ, ಎತ್ತರವೂ ಅದೇ. ನಡುವೆ ಬಂದದ್ದು ಒಂದು ವ್ಯವಸ್ಥೆ. ವಿದ್ಯಾರ್ಥಿಗಳ ಉತ್ಸಾಹಕ್ಕೆ ಬೇಕಾದ ಅಂಥ ವ್ಯವಸ್ಥೆಯ ಹೆಸರೇ ವಿದ್ಯಾರ್ಥಿ ಸಂಘ.

ಆರಿಸದ ಪ್ರತಿನಿಧಿ

ಕರ್ನಾಟಕದ ಕಾಲೇಜುಗಳಲ್ಲಿ ಒಂದು ಕಾಲಕ್ಕೆ ವಿದ್ಯಾರ್ಥಿ ಸಂಘಕ್ಕೆ ನೇರ ಚುನಾವಣೆ ನಡೆಯುತ್ತಿತ್ತು. ಹೊಡೆದಾಟ, ಹಣದಾಟ, ಜಾತಿಯ ಲೆಕ್ಕ ಒಳಗೆ ನುಗ್ಗಿದವು. 1980ರ ದಶಕದ ಕೊನೆಯ ಹೊತ್ತಿಗೆ ಅಂಥ ಚುನಾವಣೆಗಳು ನಿಂತವು. ಅಂಕಗಳ ಆಧಾರದಲ್ಲಿ ಪ್ರತಿನಿಧಿಗಳನ್ನು ನೇಮಿಸುವ ಪದ್ಧತಿ ಹಲವು ಕಾಲೇಜುಗಳಲ್ಲಿ ಬಂತು.

ನಾನು ಬಿ.ಎಸ್ಸಿ. ಓದಿದ್ದು ಆ ಪದ್ಧತಿಯ ಕಾಲದಲ್ಲಿ. ಒಂದು ದಿನ ಸೂಚನಾ ಫಲಕದಲ್ಲಿ ನನ್ನ ಹೆಸರಿತ್ತು. ನಾನು ತರಗತಿಯ ಪ್ರತಿನಿಧಿ! ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ನಾಲ್ಕು ಮೇಜಿಗೆ ಮಾತ್ರ ಗ್ಯಾಸ್ ಬರುತ್ತಿತ್ತು, ಉಳಿದವರು ಸರದಿಗೆ ಕಾಯಬೇಕಾಗಿತ್ತು. ಅದನ್ನು ಪ್ರಾಂಶುಪಾಲರ ಮುಂದೆ ಹೇಳಬೇಕಾದವನು ನಾನೇ. ಹೇಳಲಿಲ್ಲ. ಅಂಕ ಕಡಿಮೆಯಾದೀತೆಂಬ ಅಂಜಿಕೆ ಇತ್ತು. ವರ್ಷವಿಡೀ ನಾನು ಮಾಡಿದ್ದು ಎರಡು ಕಾಗದಕ್ಕೆ ಸಹಿ, ಗ್ಯಾದರಿಂಗಿನ ದಿನ ವೇದಿಕೆಯ ಮೇಲೆ ಒಂದು ಕುರ್ಚಿ. ಗೆಳೆಯರು ನನ್ನನ್ನು ಬೈಯಲೂ ಇಲ್ಲ. ಅವರು ನನ್ನನ್ನು ಆರಿಸಿರಲಿಲ್ಲ, ಹೀಗಾಗಿ ಕೇಳುವ ಹಕ್ಕು ತಮಗಿದೆ ಎಂದು ಅವರಿಗೆ ಅನಿಸಲೇ ಇಲ್ಲ. ಮೂರನೆಯ ವರ್ಷವೂ ನಾಲ್ಕೇ ಮೇಜಿಗೆ ಗ್ಯಾಸ್ ಬರುತ್ತಿತ್ತು. ಚುನಾವಣೆಯಿಂದ ಬರುವುದು ಗೆಲುವು ಸೋಲು ಮಾತ್ರವಲ್ಲ, ಉತ್ತರ ಕೊಡಬೇಕಾದ ಹೊಣೆಯೂ ಬರುತ್ತದೆ ಎಂದು ನನಗೆ ತಿಳಿದದ್ದು ಹೀಗೆ.

ಹಾಗಾದರೆ ಹಳೆಯ ಹೊಡೆದಾಟಕ್ಕೇ ಹಿಂದಿರುಗಬೇಕೇ? ಬೇಕಾಗಿಲ್ಲ. ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚಿತವಾದ, ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೊ ಅವರ ಸಮಿತಿ 2006ರಲ್ಲಿ ಒಂದು ದಾರಿ ತೋರಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದನ್ನು ಜಾರಿಗೆ ತರಲು ನ್ಯಾಯಾಲಯ ಆದೇಶಿಸಿತು. ಅದರ ಮುಖ್ಯ ಅಂಶಗಳು ಇವು:

- ಪದವಿ ತರಗತಿಯ ಅಭ್ಯರ್ಥಿಯ ವಯಸ್ಸು 17ರಿಂದ 22ರ ಒಳಗಿರಬೇಕು.
- ಹಾಜರಾತಿ ಕನಿಷ್ಠ ಶೇಕಡಾ 75 ಇರಬೇಕು. ಆ ವರ್ಷ ಯಾವ ವಿಷಯವೂ ಬಾಕಿ ಉಳಿದಿರಬಾರದು.
- ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು. ಖರ್ಚಿನ ಲೆಕ್ಕ ಕೊಡಬೇಕು.
- ಅಚ್ಚು ಹಾಕಿಸಿದ ಭಿತ್ತಿಪತ್ರ ಕೂಡದು, ಕೈಯಿಂದ ಬರೆದದ್ದು ಮಾತ್ರ. ಪ್ರಚಾರಕ್ಕೆ ಧ್ವನಿವರ್ಧಕ ಬಳಸಬಾರದು.
- ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನಗಳೊಳಗೆ ಮುಗಿಯಬೇಕು.
- ಪದಾಧಿಕಾರಿ ಸ್ಥಾನಕ್ಕೆ ಒಬ್ಬರು ಒಂದೇ ಸಲ ಸ್ಪರ್ಧಿಸಬಹುದು.

ನಾಮನಿರ್ದೇಶನ ಪದ್ಧತಿ ತಾತ್ಕಾಲಿಕ ಮಾತ್ರ, ಕ್ರಮೇಣ ಎಲ್ಲ ಸಂಸ್ಥೆಗಳೂ ಚುನಾವಣೆಯತ್ತ ಬರಬೇಕು ಎಂದೂ ಸಮಿತಿ ಹೇಳಿತು. ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವುದು ಕಷ್ಟ ಎನ್ನುವವರೂ ಇದ್ದಾರೆ, ವಯಸ್ಸಿನ ಮಿತಿ ಸರಿಯಲ್ಲ ಎನ್ನುವವರೂ ಇದ್ದಾರೆ. ನಿಮ್ಮ ಅಭಿಪ್ರಾಯವೇನು? ತರಗತಿಯಲ್ಲಿ ಇದೇ ವಿಷಯ ಇಟ್ಟುಕೊಂಡು ಒಂದು ಚರ್ಚಾಸ್ಪರ್ಧೆ ನಡೆಸಿ ನೋಡಿ.

ಸೇವೆ ಮಾಡಿದವನಿಗೆ ಹುಟ್ಟುವ ಪ್ರಶ್ನೆ

ಇನ್ನು ಸೇವೆಯ ಮಾತು. ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್ನೆಸ್ಸೆಸ್, ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ. ಮೊದಲು 37 ವಿಶ್ವವಿದ್ಯಾಲಯಗಳು, 40,000 ವಿದ್ಯಾರ್ಥಿಗಳು. ಆಗ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾ. ವಿ.ಕೆ.ಆರ್.ವಿ. ರಾವ್ ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಹೋದವರು. 'ನಾನಲ್ಲ, ನೀನು' ಎಂಬುದು ಯೋಜನೆಯ ಧ್ಯೇಯವಾಕ್ಯ. ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ಕೆಲಸ ಮಾಡಬೇಕು, ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರವೂ ಇರುತ್ತದೆ. ಮೂಡಲಗಿ ತಾಲ್ಲೂಕಿನ ಅರಭಾವಿಯ ತೋಟಗಾರಿಕೆ ಕಾಲೇಜಿನಂಥ ಕಡೆ ಸೇವೆ ಓದಿನಲ್ಲೇ ಸೇರಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳು ಹಳ್ಳಿಗೆ ಹೋಗಿ ರೈತರ ಜೊತೆ ಕೆಲಸ ಮಾಡಿಯೇ ಪದವಿ ಪಡೆಯಬೇಕು.

2019ರ ಆಗಸ್ಟ್ ತಿಂಗಳನ್ನು ನಿಮ್ಮಲ್ಲಿ ಹಲವರು ಕಣ್ಣಾರೆ ಕಂಡಿದ್ದೀರಿ. ಪಶ್ಚಿಮ ಘಟ್ಟದಲ್ಲಿ ಮಳೆ ಸುರಿಯಿತು, ಹಿಡಕಲ್ ಜಲಾಶಯದಿಂದ ನೀರು ಬಿಡಬೇಕಾಯಿತು. ಹಿರಣ್ಯಕೇಶಿಯೂ ಮಾರ್ಕಂಡೇಯವೂ ತುಂಬಿ ಘಟಪ್ರಭೆಯನ್ನು ಸೇರಿದವು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪಟ್ಟಣದೊಳಗೆ ನೀರು ಬಂತು. ಸಂಕೇಶ್ವರದಲ್ಲೂ ಮೂಡಲಗಿ ತಾಲ್ಲೂಕಿನ ನದಿದಂಡೆಯ ಹಳ್ಳಿಗಳಲ್ಲೂ ಜನ ಮನೆ ಬಿಟ್ಟು ಕಾಳಜಿ ಕೇಂದ್ರ ಸೇರಿದರು. ಅಂಥ ದಿನಗಳಲ್ಲಿ ರೊಟ್ಟಿ ಹಂಚುವುದು, ಮುದುಕರನ್ನು ಎತ್ತಿ ತರುವುದು, ನೀರು ಇಳಿದ ಮೇಲೆ ಕೆಸರು ಬಳಿಯುವುದು ಸೇವೆ. ಅದಕ್ಕೆ ಎರಡು ಮಾತಿಲ್ಲ.

ಆದರೆ 2021ರ ಜುಲೈನಲ್ಲಿ ಮತ್ತೆ ನೀರು ಬಂತು. 2024ರ ಜುಲೈನಲ್ಲೂ ಬಂತು. ಅದೇ ಓಣಿಗೆ ಮೂರನೆಯ ಸಲ ರೊಟ್ಟಿ ಒಯ್ಯುವ ಹುಡುಗನ ತಲೆಯಲ್ಲಿ ಪ್ರಶ್ನೆಗಳು ಏಳಬೇಕು. ಈ ಮನೆಗಳಿಗೆ ಬೇರೆ ಜಾಗ ಗೊತ್ತಾಗಿದೆಯೇ? ಗೊತ್ತಾಗಿದ್ದರೆ ಜನ ಅಲ್ಲಿಗೆ ಏಕೆ ಹೋಗಿಲ್ಲ? ಅಲ್ಲಿ ದುಡಿಮೆ ಇದೆಯೇ, ಶಾಲೆ ಇದೆಯೇ? ನೀರು ಬಿಡುವ ಸುದ್ದಿ ಓಣಿಗೆ ಎಷ್ಟು ಗಂಟೆ ಮೊದಲು ತಲುಪಿತು? ಈ ಪ್ರಶ್ನೆಗಳು ಎದ್ದ ಗಳಿಗೆಯಲ್ಲೇ ಸೇವೆ ರಾಜಕೀಯದ ಹೊಸ್ತಿಲಿಗೆ ಬಂದು ನಿಂತಿತು. ಪ್ರಶ್ನೆ ಕೇಳದ ಸೇವೆ ಪ್ರತಿ ಮಳೆಗಾಲಕ್ಕೂ ಅದೇ ರೊಟ್ಟಿ ಹೊರುತ್ತದೆ. ಸೇವೆ ಮಾಡದ ರಾಜಕೀಯಕ್ಕೆ ಓಣಿಯ ಹೆಸರೂ ಗೊತ್ತಿರುವುದಿಲ್ಲ. ಎರಡೂ ಒಬ್ಬನಲ್ಲೇ ಕೂಡಿದಾಗ ಮಾತ್ರ ಕೆಲಸ ಮುಂದೆ ಸಾಗುತ್ತದೆ.

ಎಲ್ಲಿಂದ ಶುರು ಮಾಡುವುದು?

ಬಸ್ಸಿನಿಂದಲೇ ಶುರು ಮಾಡೋಣ. ವಿಜ್ಞಾನ ಓದಿದವನಾದ್ದರಿಂದ ನನ್ನ ಮೊದಲ ಸಲಹೆ: ಕೂಗುವ ಮೊದಲು ಎಣಿಸಿ. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಬಸ್ಸು ಬಂದ ಹೊತ್ತು, ಹತ್ತಿದವರ ಸಂಖ್ಯೆ, ಹತ್ತಲಾಗದೆ ಉಳಿದವರ ಸಂಖ್ಯೆ. ಆಮೇಲೆ ಒಂದು ಪುಟದ ಮನವಿ ಬರೆದು, ಎಲ್ಲರ ಸಹಿ ಹಾಕಿಸಿ, ಡಿಪೋ ವ್ಯವಸ್ಥಾಪಕರಿಗೆ ಕೊಡಿ. ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಪ್ರತಿಯನ್ನು ಜೋಪಾನವಾಗಿಡಿ. ತಿಂಗಳಾದರೂ ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಹತ್ತು ರೂಪಾಯಿ ಶುಲ್ಕ ಕಟ್ಟಿ, ನಿಮ್ಮ ಮನವಿಯ ಮೇಲೆ ಏನು ಕ್ರಮವಾಯಿತು ಎಂದು ಕೇಳಿ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. ಊರಿನ ಗ್ರಾಮಸಭೆಯಲ್ಲೂ ವಿಷಯ ಎತ್ತಿ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಆ ಸಭೆಯ ಸದಸ್ಯರು. ಅಲ್ಲಿ ಮಾತಾಡಲು ಯಾರ ಚೀಟಿಯೂ ಬೇಕಾಗಿಲ್ಲ.

ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ? ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದದ್ದು ಸಂವಿಧಾನದ 61ನೆಯ ತಿದ್ದುಪಡಿಯಿಂದ. ಅದು ಜಾರಿಗೆ ಬಂದದ್ದು 1989ರಲ್ಲಿ. ಮೊದಲು ವರ್ಷಕ್ಕೊಮ್ಮೆ, ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಅವಕಾಶವಿತ್ತು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನ, ಹೀಗೆ ನಾಲ್ಕು ಅವಕಾಶಗಳಿವೆ. 17 ತುಂಬಿದವರು ನಮೂನೆ 6ನ್ನು ಮುಂಚಿತವಾಗಿಯೇ ತುಂಬಬಹುದು. ಹಾಸ್ಟೆಲಿನಲ್ಲಿರುವವರು ಊರಿನಲ್ಲಾಗಲಿ ಹಾಸ್ಟೆಲಿನ ಊರಿನಲ್ಲಾಗಲಿ ಹೆಸರು ಸೇರಿಸಬಹುದು, ಎರಡೂ ಕಡೆ ಕೂಡದು. ಗ್ರಾಮ ಪಂಚಾಯಿತಿಗೆ ನೀವೇ ನಿಲ್ಲಬೇಕೆಂದರೆ 21 ವರ್ಷ ತುಂಬಿದರೆ ಸಾಕು. ವಿಧಾನಸಭೆ, ಲೋಕಸಭೆಗಾದರೆ 25.

ಎಚ್ಚರಿಕೆಯ ಎರಡು ಮಾತು

ಸಂವಿಧಾನದ 19ನೆಯ ವಿಧಿ ನಿಮಗೆ ಮಾತಾಡುವ, ಶಸ್ತ್ರವಿಲ್ಲದೆ ಶಾಂತಿಯಿಂದ ಸೇರುವ, ಸಂಘ ಕಟ್ಟುವ ಹಕ್ಕು ಕೊಟ್ಟಿದೆ. ಶಾಂತಿಯಿಂದ ಎಂಬ ಪದವನ್ನು ಎರಡು ಸಲ ಓದಿಕೊಳ್ಳಿ. ಬಸ್ಸಿಗೆ ಕಲ್ಲು ಬಿದ್ದರೆ ಮರುದಿನ ನಿಂತು ಹೋಗುವುದು ನಿಮ್ಮ ತಂಗಿ ಹತ್ತುವ ಬಸ್ಸೇ. ಹೆಸರಿನ ಮೇಲೆ ಒಂದು ಪೊಲೀಸ್ ಪ್ರಕರಣ ಕೂತರೆ ನೌಕರಿಯ ಹೊತ್ತಿಗೆ, ಪಾಸ್‌ಪೋರ್ಟಿನ ಹೊತ್ತಿಗೆ ಅದು ಎದುರು ಬಂದು ನಿಲ್ಲುತ್ತದೆ. ಕಲ್ಲು ಹೊಡೆಯಲು ಹುರಿದುಂಬಿಸಿದವರು ಆಗ ಜೊತೆಗಿರುವುದಿಲ್ಲ.

ಎರಡನೆಯದು: ಯಾವ ಪಕ್ಷದ, ಯಾವ ಸಂಘಟನೆಯ ಸಭೆಗಾದರೂ ಹೋಗಿ, ಕೇಳಿ. ಆದರೆ ನಿಮ್ಮ ಪ್ರಶ್ನೆಯನ್ನು ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಹೋಗಬೇಡಿ. ಪ್ರಶ್ನೆ ಕೇಳಿದರೆ ಸಿಟ್ಟಾಗುವ ಜಾಗದಲ್ಲಿ ನಿಮಗೆ ಕಲಿಯಲು ಹೆಚ್ಚೇನೂ ಇರುವುದಿಲ್ಲ.

ಚಿತ್ರೀಕರಣ ಮುಗಿಸಿ ನಾವು ತಂತಿಗಳನ್ನು ಸುತ್ತುತ್ತಿದ್ದಾಗ ಆ ವಿದ್ಯಾರ್ಥಿನಿ ಗೆಳತಿಯರೊಡನೆ ಮತ್ತೆ ಬಂದಳು. ಕೈಯಲ್ಲಿ ನೋಟ್‌ಬುಕ್ಕಿತ್ತು. "ಸರ್, ಅರ್ಜಿ ಯಾರ ಹೆಸರಿಗೆ ಬರೀಬೇಕ್ರಿ?" ಎಂದು ಕೇಳಿದಳು. ಹೇಳಿದೆ. ಬರೆದುಕೊಂಡಳು. ಅವಳಪ್ಪ ಓದಲು ಕಳಿಸಿದ್ದು ವ್ಯರ್ಥವಾಗಿಲ್ಲ ಎನಿಸಿತು.

ತರಗತಿಯಲ್ಲಿ ಚರ್ಚಿಸಿ

1. ನಿಮ್ಮ ಕಾಲೇಜಿನ ಶುಲ್ಕದ ರಸೀದಿ ತೆಗೆದು ಓದಿ. ಯಾವ ಯಾವ ಬಾಬ್ತಿಗೆ ಎಷ್ಟು ಹಣ ಕೊಟ್ಟಿದ್ದೀರಿ? ಅದು ಹೇಗೆ ಖರ್ಚಾಗುತ್ತದೆ ಎಂದು ಯಾರನ್ನು ಕೇಳಬೇಕು?
2. ಅಂಕದಿಂದ ನೇಮಕವಾದ ಪ್ರತಿನಿಧಿ, ಮತದಿಂದ ಆಯ್ಕೆಯಾದ ಪ್ರತಿನಿಧಿ, ಇವರಲ್ಲಿ ನಿಮಗೆ ಯಾರು ಬೇಕು? ಏಕೆ?
3. ನಿಮ್ಮ ಊರಿನ ಕಳೆದ ಗ್ರಾಮಸಭೆ ಯಾವತ್ತು ನಡೆಯಿತು? ಅಲ್ಲಿ ನಿಮ್ಮ ವಯಸ್ಸಿನವರು ಎಷ್ಟು ಜನ ಇದ್ದರು?